ಹೃದಯಕ್ಕೆ ಹಾದಿ ಕಂಡ ವೈದ್ಯ

ಎದೆಗೂಡಿನೊಳಗೆ ತುಸು ಎಡಕ್ಕೆ ವಾಲಿ, ಹಿಡಿಮುಷ್ಟಿಯಷ್ಟು ಗಾತ್ರದ ಹೃದಯವು ಹಗಲಿರುಳೂ ಮಿಡಿಯುತ್ತಿರುತ್ತದೆ. ಅದರ ಸದ್ದನ್ನು ಹೊರಗಿನಿಂದ ಕೇಳಬಹುದು. ನಾಡಿ ಹಿಡಿದು ಅದರ ಗತಿಯನ್ನು ಎಣಿಸಬಹುದು. ಹೃದಯದಿಂದ ಹೊರಟ ರಕ್ತವು ದೇಹವನ್ನೆಲ್ಲ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂಬುದನ್ನು 1628ರಷ್ಟು ಹಿಂದೆಯೇ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಸಿದ್ಧಪಡಿಸಿ ತೋರಿಸಿದ್ದನು. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ, ಚರ್ಮವನ್ನು ಕೊಯ್ಯದೆಯೇ ಒಳಗಿನ ಮೂಳೆಗಳ ಚಿತ್ರವನ್ನು ತೆಗೆಯುವುದು ಸಾಧ್ಯವಾಯಿತು. ಆದರೆ ಆ ಚಿತ್ರಗಳಲ್ಲಿ ಹೃದಯವು ಬರಿಯ ನೆರಳಿನ ಗಡ್ಡೆಯಂತೆ ಕಾಣುತ್ತಿತ್ತು. ಅದರ ಕೋಣೆಗಳು, ಕವಾಟಗಳು, ಅವುಗಳೊಳಗೆ ಹರಿಯುವ ರಕ್ತ, ಇವಾವುವೂ ಗೋಚರಿಸುತ್ತಿರಲಿಲ್ಲ. ಬದುಕಿರುವ ಮನುಷ್ಯನ ಹೃದಯದೊಳಕ್ಕೆ ನಳಿಕೆಯೊಂದನ್ನು ತೂರಿಸುವುದೆಂದರೆ ಸಾವನ್ನು ಕರೆದಂತೆಯೇ ಎಂದು ಹೆಚ್ಚಿನ ವೈದ್ಯರು ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದವನು ವರ್ನರ್ ಫೋರ್ಸ್‌ಮನ್ ಎಂಬ ತರುಣ. ಅದಕ್ಕಾಗಿ ಆತನು ತನ್ನ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದನು.

ಫೋರ್ಸ್‌ಮನ್ನನು 1904ನೆಯ ಆಗಸ್ಟ್ 29ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ತಂದೆ ಯೂಲಿಯುಸ್ ವಕೀಲನಾಗಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಹೋದ ಆತನು ಮರಳಿ ಬರಲಿಲ್ಲ. ಆಗ ಬಾಲಕನಿಗೆ ಇನ್ನೂ ಹನ್ನೆರಡರ ಆಸುಪಾಸಿನ ವಯಸ್ಸು. ಒಬ್ಬನೇ ಮಗನನ್ನು ತಾಯಿ ಎಮ್ಮಿಯು ಕಷ್ಟದಿಂದ ಸಾಕಿ ಓದಿಸಿದಳು. 1922ರಲ್ಲಿ ಫೋರ್ಸ್‌ಮನ್ನನು ಬರ್ಲಿನ್ ವಿಶ್ವವಿದ್ಯಾನಿಲಯವನ್ನು ಸೇರಿ ವೈದ್ಯಶಾಸ್ತ್ರದ ವ್ಯಾಸಂಗವನ್ನು ಆರಂಭಿಸಿದನು. 1929ರಲ್ಲಿ ಸರ್ಕಾರಿ ವೈದ್ಯಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಶಸ್ತ್ರವೈದ್ಯದ ತರಬೇತಿಗಾಗಿ ಬರ್ಲಿನ್ನಿಗೆ ಸಮೀಪದ ಎಬರ್ಸ್‌ವಾಲ್ಡೆ ಎಂಬ ಪಟ್ಟಣದ ಆಸ್ಪತ್ರೆಗೆ ಬಂದನು. ಅಲ್ಲಿನ ಮುಖ್ಯ ಶಸ್ತ್ರವೈದ್ಯನಾದ ರಿಖಾರ್ಡ್ ಷ್ನೈಡರನು ಫೋರ್ಸ್‌ಮನ್ನನ ಕುಟುಂಬಕ್ಕೆ ಪರಿಚಿತನಾಗಿದ್ದನು.

ಆ ಕಾಲದಲ್ಲಿ ರೋಗಿಯ ಹೃದಯವು ನಿಂತುಹೋಗುವಂತಾದರೆ ವೈದ್ಯರು ಉದ್ದನೆಯ ಸೂಜಿಯೊಂದನ್ನು ಎದೆಯ ಮೂಲಕ ನೇರವಾಗಿ ಹೃದಯಕ್ಕೆ ಚುಚ್ಚಿ ಔಷಧಿಯನ್ನು ಹಾಕುತ್ತಿದ್ದರು. ಸೂಜಿಯ ದಾರಿಯು ಕಣ್ಣಿಗೆ ಕಾಣದು. ಅದು ಹೃದಯಕ್ಕೆ ಆಹಾರವೊದಗಿಸುವ ಅಪಧಮನಿಯನ್ನು ಸೀಳಬಹುದು. ಸೋರಿದ ರಕ್ತವು ಹೃದಯಾವರಣದಲ್ಲಿ ತುಂಬಿಕೊಂಡು ಹೃದಯವನ್ನೇ ಅದುಮಿ ಹಿಡಿಯಬಹುದು. ರೋಗಿಯನ್ನು ಉಳಿಸಲು ಹಿಡಿದ ಸೂಜಿಯೇ ಆತನ ಪ್ರಾಣಕ್ಕೆ ಎರವಾಗುತ್ತಿದ್ದುದು ಫೋರ್ಸ್‌ಮನ್ನನ ಮನಸ್ಸನ್ನು ಕೊರೆಯತೊಡಗಿತು. ಹೃದಯವನ್ನು ತಲಪಲು ಇದಕ್ಕಿಂತ ಸುರಕ್ಷಿತವಾದ ಬೇರೊಂದು ಹಾದಿ ಇರಬೇಕೆಂದು ಆತನಿಗೆ ತೋರಿತು. ಶರೀರಕ್ರಿಯಾಶಾಸ್ತ್ರದ ಗ್ರಂಥವೊಂದರಲ್ಲಿ ಕಂಡಿದ್ದ ಹಳೆಯ ಚಿತ್ರವೊಂದು ಆತನ ನೆನಪಿನಲ್ಲಿ ಉಳಿದಿತ್ತು. 1861ರ ಸುಮಾರಿನಲ್ಲಿ ಶೋವೋ ಮತ್ತು ಮಾರೆ ಎಂಬ ಫ್ರೆಂಚ್ ವಿಜ್ಞಾನಿಗಳು ಕುದುರೆಯ ಕುತ್ತಿಗೆಯ ಅಭಿಧಮನಿಯ ಮೂಲಕ ನಳಿಕೆಯನ್ನು ಅದರ ಹೃದಯಕ್ಕೆ ಇಳಿಸಿ, ಒಳಗಿನ ಒತ್ತಡವನ್ನು ಅಳೆದಿದ್ದರು. ಕುದುರೆಯು ಇದರಿಂದ ಸಾಯಲಿಲ್ಲ. ಕುದುರೆಗೆ ಆಗದ ಅಪಾಯವು ಮನುಷ್ಯನಿಗೆ ಏಕೆ ಆಗಬೇಕು?

ಫೋರ್ಸ್‌ಮನ್ನನು ಯೋಚಿಸಿ ಆರಿಸಿದ ದಾರಿಯು ಮೊಣಕೈಯ ಒಳಮಗ್ಗುಲಿನ ಅಭಿಧಮನಿ. ರಕ್ತಪರೀಕ್ಷೆಗಾಗಿ ಇಂದು ನಮ್ಮಿಂದ ರಕ್ತವನ್ನು ತೆಗೆಯುವುದು ಈ ಜಾಗದಿಂದಲೇ. ಈ ಆಯ್ಕೆಯಲ್ಲಿ ಜಾಣ್ಮೆಯಿತ್ತು. ಅಪಧಮನಿಯಲ್ಲಿ ರಕ್ತವು ಹೃದಯದಿಂದ ರಭಸವಾಗಿ ನುಗ್ಗಿ ಬರುತ್ತದೆ. ಅದನ್ನು ಕೊಯ್ದರೆ ರಕ್ತವು ಚಿಮ್ಮುತ್ತದೆ. ಅಭಿಧಮನಿಯಲ್ಲಾದರೋ ಒತ್ತಡವು ಕಡಿಮೆ, ಹರಿವೂ ಹೃದಯದ ಕಡೆಗೇ. ಅದರೊಳಗಿರುವ ಸಣ್ಣ ಕವಾಟಗಳು ಸಹ ಹೃದಯದ ದಿಕ್ಕಿಗೇ ತೆರೆದುಕೊಳ್ಳುತ್ತವೆ. ಆದುದರಿಂದ ಮೃದುವಾದ ನಳಿಕೆಯು ಹೊಳೆಯ ಹರಿವಿನ ಜೊತೆಗೆ ಸಾಗುವ ದೋಣಿಯಂತೆ ತೋಳಿನಿಂದ ಭುಜಕ್ಕೆ, ಭುಜದಿಂದ ಎದೆಯ ಮಹಾ ಅಭಿಧಮನಿಗೆ, ಅಲ್ಲಿಂದ ಹೃದಯದ ಬಲಭಾಗದ ಮೇಲಿನ ಕೋಣೆಯಾದ ಬಲ ಹೃತ್ಕರ್ಣಕ್ಕೆ ತಾನಾಗಿಯೇ ಹೋಗಿ ಸೇರಬೇಕು. ಆತನು ಮೊದಲು ಶವಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದನು. ನಳಿಕೆಯು ತಡೆಯಿಲ್ಲದೆ ಹೃದಯವನ್ನು ತಲಪಿತು.

ಬದುಕಿರುವ ಮನುಷ್ಯನ ಮೇಲೆ ಈ ಪ್ರಯೋಗವನ್ನು ಮಾಡಲು ಷ್ನೈಡರನು ಅನುಮತಿಯನ್ನು ಕೊಡಲಿಲ್ಲ. ರೋಗಿಗಳ ಮೇಲೆ ಬೇಡವಾದರೆ ತನ್ನ ಮೇಲೆಯೇ ಮಾಡಿಕೊಳ್ಳುವೆನೆಂದು ಫೋರ್ಸ್‌ಮನ್ನನು ಕೇಳಿದನು. ಅದಕ್ಕೂ ಒಪ್ಪಿಗೆ ಸಿಗಲಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ತಾಯಿಗೆ, ಇದ್ದೊಬ್ಬ ಮಗನೂ ತನ್ನ ಆಸ್ಪತ್ರೆಯಲ್ಲೇ ಸತ್ತನೆಂಬ ಸುದ್ದಿಯನ್ನು ಯಾವ ಬಾಯಿಂದ ಹೇಳುವುದು ಎಂಬುದು ಆ ಹಿರಿಯನ ಅಳಲು. ಅದು ನ್ಯಾಯವಾದ ಮಾತೇ ಆಗಿತ್ತು. ಆದರೆ ಫೋರ್ಸ್‌ಮನ್ನನ ಹಟವು ಅದಕ್ಕೆ ಬಗ್ಗಲಿಲ್ಲ.

ಆತನು ಪೀಟರ್ ರೋಮೈಸ್ ಎಂಬ ತನ್ನ ಸಹೋದ್ಯೋಗಿಯನ್ನು ಗುಟ್ಟಾಗಿ ಒಪ್ಪಿಸಿದನು. ರೋಮೈಸನು ಫೋರ್ಸ್‌ಮನ್ನನ ತೋಳಿನ ಅಭಿಧಮನಿಯ ಮೂಲಕ 35 ಸೆಂಟಿಮೀಟರಿನಷ್ಟು ನಳಿಕೆಯನ್ನು ಒಳಗೆ ತಳ್ಳಿದನು. ಅಷ್ಟರಲ್ಲಿ ಆತನಿಗೆ ಧೈರ್ಯ ಸಾಲದಾಯಿತು. ಮುಂದುವರಿಯಲು ಖಂಡಿತವಾಗಿ ನಿರಾಕರಿಸಿ ನಳಿಕೆಯನ್ನು ಹೊರಗೆಳೆದುಬಿಟ್ಟನು. ಮತ್ತೊಬ್ಬರನ್ನು ನಂಬಿ ಪ್ರಯೋಜನವಿಲ್ಲವೆಂದು ಫೋರ್ಸ್‌ಮನ್ನನು ಆಗ ನಿಶ್ಚಯಿಸಿದನು.

ಆದರೆ ಶುದ್ಧೀಕರಿಸಿದ ಉಪಕರಣಗಳೆಲ್ಲವೂ ಬೀಗದಲ್ಲಿದ್ದವು. ಬೀಗದ ಕೈ ಇದ್ದುದು ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ ಗೆರ್ಡಾ ಡಿಟ್ಸೆನ್ ಎಂಬಾಕೆಯ ಬಳಿ. ಫೋರ್ಸ್‌ಮನ್ನನು ಆಕೆಯೊಡನೆ ಸ್ನೇಹವನ್ನು ಬೆಳೆಸಿ, ತನ್ನ ಪುಸ್ತಕಗಳನ್ನು ಓದಲು ಕೊಟ್ಟು, ಪ್ರಯೋಗದ ಮಹತ್ತ್ವವನ್ನು ಬಿಡಿಸಿ ಹೇಳಿದನು. ಆಕೆಯಲ್ಲಿ ಎಷ್ಟು ಉತ್ಸಾಹ ಹುಟ್ಟಿತೆಂದರೆ, ಪ್ರಯೋಗವನ್ನು ತನ್ನ ಮೇಲೆಯೇ ಮಾಡಬಹುದೆಂದು ಆಕೆ ಮುಂದೆ ಬಂದಳು. ಫೋರ್ಸ್‌ಮನ್ನನು ಒಪ್ಪಿದವನಂತೆ ನಟಿಸಿದನು. 1929ರ ಬೇಸಗೆಯ ಒಂದು ದಿನ, ಆಸ್ಪತ್ರೆಯು ನಿಶ್ಶಬ್ದವಾಗಿದ್ದ ಸಮಯದಲ್ಲಿ, ಆಕೆಯನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿ ಕೈಕಾಲುಗಳನ್ನು ಪಟ್ಟಿಗಳಿಂದ ಬಿಗಿದನು. ಆಕೆಯ ತೋಳಿಗೆ ಅಯೋಡಿನ್ ಹಚ್ಚುತ್ತ, ಆಕೆಗೆ ಕಾಣದಂತೆ ತನ್ನ ಎಡ ಮೊಣಕೈಯ ಚರ್ಮಕ್ಕೆ ಮರಗಟ್ಟಿಸುವ ಔಷಧಿಯನ್ನು ಚುಚ್ಚಿಕೊಂಡನು. ಬಳಿಕ ಚರ್ಮವನ್ನು ಕೊಯ್ದು, ಅಭಿಧಮನಿಯನ್ನು ತೆರೆದು, ಮೂತ್ರನಾಳದ ಪರೀಕ್ಷೆಗೆ ಬಳಸುತ್ತಿದ್ದ ತೆಳ್ಳನೆಯ ನಳಿಕೆಯೊಂದನ್ನು 30 ಸೆಂಟಿಮೀಟರಿನಷ್ಟು ಒಳಗೆ ನೂಕಿದನು. ಇಂತಹ ನಳಿಕೆಗೆ ಕ್ಯಾಥೆಟರ್ ಎಂದು ಹೆಸರು. ಇಷ್ಟಾದ ಮೇಲೆ ದಾದಿಯ ಒಂದು ಕೈಯ ಪಟ್ಟಿಯನ್ನು ಸಡಿಲಿಸಿ, ಕ್ಷ-ಕಿರಣ ವಿಭಾಗದ ದಾದಿಯನ್ನು ಕರೆಯಬೇಕೆಂದು ಕೇಳಿಕೊಂಡನು. ತಾನು ಮೋಸಹೋದೆನೆಂಬುದು ಆಗ ಗೆರ್ಡಾಳಿಗೆ ತಿಳಿಯಿತು. ಆಕೆಗೆ ಬಂದ ಸಿಟ್ಟು ಸಹಜವಾದುದೇ. ಆದರೂ ಆಕೆಯು ಆತನನ್ನು ಅಲ್ಲಿಯೇ ಬಿಟ್ಟು ಹೋಗಲಿಲ್ಲ.

ತೋಳಿನಲ್ಲಿ ನಳಿಕೆ ಜೋತಾಡುತ್ತಿದ್ದಂತೆಯೇ ಆತನು ಮೆಟ್ಟಿಲಿಳಿದು ಕೆಳಗಿನ ಕ್ಷ-ಕಿರಣ ಕೊಠಡಿಗೆ ನಡೆದು ಹೋದನು. ಕ್ಷ-ಕಿರಣದ ಪರದೆಯ ಮೇಲೆ ನೋಡಿದಾಗ ನಳಿಕೆಯ ತುದಿಯು ಇನ್ನೂ ಭುಜದ ಬಳಿಯಲ್ಲಿತ್ತು. ದಾದಿಯು ಎದುರಿಗೆ ಕನ್ನಡಿಯನ್ನು ಹಿಡಿದಳು. ಫೋರ್ಸ್‌ಮನ್ನನು ಅದರಲ್ಲಿ ಪರದೆಯ ಪ್ರತಿಬಿಂಬವನ್ನು ನೋಡುತ್ತ ನಳಿಕೆಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ತಳ್ಳತೊಡಗಿದನು. ಅಷ್ಟರಲ್ಲಿ ಸುದ್ದಿ ತಿಳಿದ ರೋಮೈಸನು ನಿದ್ದೆಗಣ್ಣಿನಲ್ಲಿ ಓಡಿ ಬಂದು ನಳಿಕೆಯನ್ನು ಕಿತ್ತೆಸೆಯಲು ಯತ್ನಿಸಿದನು. ಫೋರ್ಸ್‌ಮನ್ನನು ಆತನನ್ನು ಕಾಲಿನಿಂದ ಒದ್ದು ದೂರ ಸರಿಸಬೇಕಾಯಿತಂತೆ. ನಳಿಕೆಯು 65 ಸೆಂಟಿಮೀಟರಿನಷ್ಟು ಒಳಹೋದಾಗ ಅದರ ತುದಿಯು ಬಲ ಹೃತ್ಕರ್ಣದಲ್ಲಿತ್ತು. ಒಳಗೆ ಹಿತವಾದ ಬಿಸಿಯ ಅನುಭವ, ಒಂದಿಷ್ಟು ಕೆಮ್ಮು, ಇಷ್ಟೇ ಹೊರತು ಬೇರಾವ ತೊಂದರೆಯೂ ಆತನಿಗೆ ತೋರಲಿಲ್ಲ. ಹೃದಯವು ಎಂದಿನಂತೆ ಮಿಡಿಯುತ್ತಲೇ ಇತ್ತು. ಫೋರ್ಸ್‌ಮನ್ನನು ಆ ಸ್ಥಿತಿಯಲ್ಲಿಯೇ ಕ್ಷ-ಕಿರಣದ ಚಿತ್ರವನ್ನು ತೆಗೆಸಿದನು.

ಈ ಚಿತ್ರಕ್ಕೆ ಇರುವ ಬೆಲೆಯನ್ನು ಗಮನಿಸಬೇಕು. 1912ರಲ್ಲಿಯೇ ಜರ್ಮನಿಯ ಬ್ಲೈಖ್‌ರೋಡರ್ ಎಂಬ ವೈದ್ಯನೂ ಆತನ ಸಂಗಡಿಗರೂ ಮನುಷ್ಯರ ರಕ್ತನಾಳಗಳೊಳಕ್ಕೆ ನಳಿಕೆಗಳನ್ನು ತೂರಿಸಿದ್ದರು. ಫೋರ್ಸ್‌ಮನ್ನನ ಲೇಖನವು ಪ್ರಕಟವಾದೊಡನೆ ಅವರಲ್ಲೊಬ್ಬನು ಇದು ತಾವು ಮೊದಲೇ ಮಾಡಿದ ಕೆಲಸವೆಂದು ತಕರಾರು ತೆಗೆದನು. ಆದರೆ ತಮ್ಮ ನಳಿಕೆಯ ತುದಿಯು ದೇಹದೊಳಗೆ ಎಲ್ಲಿಯವರೆಗೆ ಹೋಗಿತ್ತೆಂಬುದನ್ನು ತೋರಿಸುವ ಕ್ಷ-ಕಿರಣದ ಚಿತ್ರವು ಅವರಲ್ಲಿ ಇರಲಿಲ್ಲ. ಫೋರ್ಸ್‌ಮನ್ನನ ಚಿತ್ರದಲ್ಲಿಯಾದರೋ ತೋಳಿನಿಂದ ಹೃದಯದವರೆಗೆ ನಳಿಕೆಯು ಒಂದು ಗೆರೆಯಂತೆ ಸ್ಪಷ್ಟವಾಗಿ ಕಾಣುತ್ತಿತ್ತು.

ಷ್ನೈಡರನು ಮೊದಲು ಕೆರಳಿದನು. ಚಿತ್ರವನ್ನು ಕಂಡ ಮೇಲೆ ಮೆಚ್ಚಿದನು. ಸಾವಿನಂಚಿನಲ್ಲಿದ್ದ ಒಬ್ಬ ಹೆಂಗಸಿಗೆ ಇದೇ ವಿಧಾನದಿಂದ ಔಷಧಿಯನ್ನು ಕೊಡಲು ಅನುಮತಿಯನ್ನೂ ಇತ್ತನು. ಆಕೆಯ ಉದರದಲ್ಲಿ ಕೀವು ಹರಡಿ, ಚಿಕಿತ್ಸೆಯ ಆಸೆಯೇ ಉಳಿದಿರಲಿಲ್ಲ. ನಳಿಕೆಯ ಮೂಲಕ ಹೃದಯಕ್ಕೆ ನೇರವಾಗಿ ಔಷಧಿಯು ಸೇರಿದಾಗ ಆಕೆಯು ತುಸು ಹೊತ್ತು ಚೇತರಿಸಿಕೊಂಡಳು. ಆದರೆ ಬದುಕಲಿಲ್ಲ.

1929ನೆಯ ನವೆಂಬರ್ 5ರಂದು ಫೋರ್ಸ್‌ಮನ್ನನ ಲೇಖನವು ಒಂದು ವೈದ್ಯಕೀಯ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಗೆರ್ಡಾಳ ವಿಷಯವು ಅದರಲ್ಲಿರಲಿಲ್ಲ. ಆ ವೃತ್ತಾಂತವು ಲೋಕಕ್ಕೆ ವಿವರವಾಗಿ ತಿಳಿದುದು ದಶಕಗಳ ಅನಂತರ ಆತನು ಬರೆದ ಆತ್ಮಕಥೆಯಿಂದ. ಈ ನಡುವೆ ಆತನು ಬರ್ಲಿನ್ನಿನ ಹೆಸರಾಂತ ಷಾರಿಟೆ ಆಸ್ಪತ್ರೆಯನ್ನು ಸೇರಿದ್ದನು. ಅಲ್ಲಿ ಮುಖ್ಯನಾಗಿದ್ದವನು ಫರ್ಡಿನಾಂಡ್ ಸೌವರ್‌ಬ್ರುಖ್. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಜರ್ಮನಿಗೇ ಅಗ್ರಗಣ್ಯನೆನಿಸಿದ್ದ ಆತನಿಗೆ, ಪರೀಕ್ಷೆ ಮುಗಿಸಿ ವರ್ಷವೂ ತುಂಬದ ಹುಡುಗನ ಸಾಹಸದಲ್ಲಿ ವಿಜ್ಞಾನವು ಕಾಣಲಿಲ್ಲ. ಇಂತಹ ಆಟಗಳಿಗೆ ಸರ್ಕಸ್ಸಿನಲ್ಲಿ ಮನ್ನಣೆ ದೊರೆಯಬಹುದೇ ಹೊರತು ಮರ್ಯಾದಸ್ಥ ಆಸ್ಪತ್ರೆಯಲ್ಲಿ ಅಲ್ಲವೆಂದು ಆತನು ಹಂಗಿಸಿದನೆಂದು ಹೇಳುತ್ತಾರೆ. ದಿನಪತ್ರಿಕೆಗಳು ಪ್ರಯೋಗದ ಸುದ್ದಿಯನ್ನು ಬಣ್ಣ ಕಟ್ಟಿ ಪ್ರಕಟಿಸಿದುದು ಬೆಂಕಿಗೆ ತುಪ್ಪ ಸುರಿದಂತಾಯಿತು. ಫೋರ್ಸ್‌ಮನ್ನನು ಕೆಲಸವನ್ನು ಕಳೆದುಕೊಂಡು ಎಬರ್ಸ್‌ವಾಲ್ಡೆಗೆ ಮರಳಿದನು.

ಆತನ ಅನ್ವೇಷಣೆಯು ಅಲ್ಲಿಗೇ ನಿಲ್ಲಲಿಲ್ಲ. ನಳಿಕೆಯು ಹೃದಯವನ್ನು ತಲಪಿದ ಮೇಲೆ ಅದರ ಮೂಲಕ ಕ್ಷ-ಕಿರಣಗಳನ್ನು ತಡೆಯುವ ದ್ರಾವಣವೊಂದನ್ನು ಸುರಿದರೆ ಹೃದಯದ ಕೋಣೆಗಳೇ ಚಿತ್ರದಲ್ಲಿ ಮೂಡಬೇಕಲ್ಲವೆ? ಮೂಳೆಗಳಲ್ಲಿರುವ ಸುಣ್ಣದ ಅಂಶವು ಕಿರಣಗಳನ್ನು ತಡೆಯುವುದರಿಂದಲೇ ಅವು ಚಿತ್ರದಲ್ಲಿ ಕಾಣುವುದು. ಅಯೋಡಿನ್ನಿಗೂ ಅದೇ ಗುಣವಿದೆ. ರಕ್ತದೊಡನೆ ಬೆರೆತು ಸಾಗುವ ಅಯೋಡಿನ್ ದ್ರಾವಣವು ತಾನು ಹಾದುಹೋಗುವ ದಾರಿಯ ಆಕಾರವನ್ನು ಕ್ಷಣಕಾಲ ಬಿಡಿಸಿ ತೋರಿಸುತ್ತದೆ. ಫೋರ್ಸ್‌ಮನ್ನನು ಮೊದಲು ಮೊಲಗಳನ್ನು ತಂದನು. ನಳಿಕೆಯ ತುದಿಯು ಒಳಗೋಡೆಗೆ ತಾಗಿದೊಡನೆ ಅವುಗಳ ಪುಟ್ಟ ಹೃದಯಗಳು ನಿಂತುಹೋದವು. ನಾಯಿಗಳ ಹೃದಯವು ಇದನ್ನು ತಾಳಿಕೊಂಡಿತು. ಪ್ರಾಣಿಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಆತನು ಅವನ್ನು ಬರ್ಲಿನ್ನಿನಲ್ಲಿದ್ದ ತಾಯಿಯ ಮನೆಯಲ್ಲಿ ಸಾಕಿದನು. ಪ್ರಯೋಗದ ದಿನ ನಾಯಿಗೆ ಮಂಪರು ಬರುವ ಮದ್ದನ್ನು ಚುಚ್ಚಿ, ಆಲೂಗಡ್ಡೆಯ ಗೋಣಿಚೀಲದಲ್ಲಿ ಹಾಕಿಕೊಂಡು, ಮೋಟಾರ್ ಸೈಕಲ್ಲಿನ ಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದನು. ಗಂಡನಿಲ್ಲದ ಮನೆಯಲ್ಲಿ ಮಗನ ನಾಯಿಗಳನ್ನೂ ನೋಡಿಕೊಂಡ ಆ ತಾಯಿಯ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಬರುವುದಿಲ್ಲ.

ನಾಯಿಗಳ ಹೃದಯದ ಬಲಭಾಗವೂ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯೂ ಚಿತ್ರಗಳಲ್ಲಿ ಚೆನ್ನಾಗಿ ಮೂಡಿದವು. ಬಳಿಕ ಆತನು ಮತ್ತೆ ತನ್ನ ಮೇಲೆಯೇ ಪ್ರಯೋಗಕ್ಕೆ ತೊಡಗಿದನು. ದ್ರಾವಣವು ಹೃದಯವನ್ನು ಸೇರಿದಾಗ ಸ್ವಲ್ಪ ತಲೆಸುತ್ತು ಬಂದುದಲ್ಲದೆ ಬೇರೆ ಅನಾಹುತವಾಗಲಿಲ್ಲ. ಆದರೆ ಆ ಕಾಲದ ಕ್ಷ-ಕಿರಣ ಯಂತ್ರಗಳು ನಿಧಾನ. ಮಿಡಿಯುವ ಹೃದಯವು ಓಟದಲ್ಲಿ ಅವುಗಳನ್ನು ಮೀರಿಸುತ್ತಿತ್ತು. ಚಿತ್ರವು ಮಸುಕಾಗಿಯೇ ಉಳಿಯಿತು. ಹೀಗೆ ಒಟ್ಟು ಒಂಬತ್ತು ಸಲ ಫೋರ್ಸ್‌ಮನ್ನನು ತನ್ನ ಹೃದಯಕ್ಕೆ ನಳಿಕೆಯನ್ನು ಇಳಿಸಿಕೊಂಡನು. 1931ರಲ್ಲಿ ಆತನು ಈ ಫಲಿತಾಂಶಗಳನ್ನು ಪ್ರಕಟಿಸಿ, ಶಸ್ತ್ರವೈದ್ಯರ ಸಮ್ಮೇಳನದಲ್ಲಿಯೂ ಮಂಡಿಸಿದನು. ಸಭೆಯಿಂದ ವಿಶೇಷವಾದ ಪ್ರತಿಕ್ರಿಯೆಯು ಬರಲಿಲ್ಲ.

ವೈದ್ಯರ ಅಂಜಿಕೆಯನ್ನು ಬರಿಯ ಹೇಡಿತನವೆಂದು ತಳ್ಳಿಹಾಕುವಂತಿರಲಿಲ್ಲ. ನಳಿಕೆಯ ತುದಿಯು ಹೃದಯದ ಒಳಗೋಡೆಗೆ ತಾಗಿದರೆ ಮಿಡಿತದ ಲಯವು ತಪ್ಪಬಹುದು. ನಳಿಕೆಯ ಮೇಲೆ ರಕ್ತವು ಹೆಪ್ಪುಗಟ್ಟಬಹುದು, ಸೋಂಕು ತಗಲಬಹುದು. ದ್ರಾವಣದಿಂದಲೂ ತೊಂದರೆಗಳಿದ್ದವು. ಅದು ರಕ್ತಕ್ಕಿಂತ ಬಹಳ ಸಾಂದ್ರವಾಗಿರುವುದರಿಂದ ಸುತ್ತಣ ಅಂಗಾಂಶಗಳಿಂದ ನೀರನ್ನು ರಕ್ತನಾಳದೊಳಕ್ಕೆ ಸೆಳೆಯುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಮೈ ಬಿಸಿಯೇರಿದಂತಾಗುತ್ತದೆ, ರಕ್ತದ ಒತ್ತಡವು ಇಳಿಯುತ್ತದೆ, ಅದನ್ನು ಸರಿದೂಗಿಸಲು ಹೃದಯವು ವೇಗವಾಗಿ ಬಡಿಯುತ್ತದೆ. ಇದಕ್ಕಿಂತಲೂ ಘೋರವಾದ ಒಂದು ದೃಷ್ಟಾಂತವಿದೆ. 1930ರ ಸುಮಾರಿನಲ್ಲಿ ಥೋರೋಟ್ರಾಸ್ಟ್ ಎಂಬ ದ್ರಾವಣವು ಬಳಕೆಗೆ ಬಂದಿತು. ಅದರಿಂದ ಚಿತ್ರಗಳು ಬಹು ಸೊಗಸಾಗಿ ಮೂಡುತ್ತಿದ್ದವು, ರೋಗಿಗೆ ಆ ಹೊತ್ತಿಗೆ ಯಾವ ಬಾಧೆಯೂ ಆಗುತ್ತಿರಲಿಲ್ಲ. ಆದರೆ ಅದರಲ್ಲಿದ್ದ ಥೋರಿಯಮ್ ವಿಕಿರಣಶೀಲವಾದುದು. ಅದು ಯಕೃತ್ತಿನಲ್ಲಿಯೂ ಗುಲ್ಮದಲ್ಲಿಯೂ ಸೇರಿಕೊಂಡು ಅಲ್ಲಿಯೇ ಉಳಿಯುತ್ತಿತ್ತು. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಅನೇಕರಲ್ಲಿ ಕ್ಯಾನ್ಸರ್ ಹುಟ್ಟಿಸಿತು. 1950ರ ದಶಕದ ವೇಳೆಗೆ ಅದರ ಬಳಕೆಯು ನಿಂತಿತು. ಅಯೋಡಿನ್ ದ್ರಾವಣಗಳು ಸುಧಾರಿಸಿದುದು ಸ್ವೀಡನ್ನಿನ ಟಾರ್ಸ್ಟೆನ್ ಆಲ್ಮೆನ್ ಎಂಬ ವೈದ್ಯನಿಂದ. ದ್ರಾವಣದ ಸಾಂದ್ರತೆಯನ್ನು ರಕ್ತದ ಸಮಕ್ಕೆ ತಂದರೆ ಬಾಧೆಯು ತಗ್ಗುವುದೆಂದು ತರ್ಕಿಸಿ ಆತನು 1969ರಲ್ಲಿ ಹೊಸ ಬಗೆಯ ದ್ರಾವಣಗಳ ಕಲ್ಪನೆಯನ್ನು ಮುಂದಿಟ್ಟನು. ಇಂದು ಬಳಕೆಯಲ್ಲಿರುವುವು ಬಹುಮಟ್ಟಿಗೆ ಆ ಜಾತಿಯವು. ಹಾಗಿದ್ದರೂ ಮೂತ್ರಪಿಂಡಗಳು ದುರ್ಬಲವಾಗಿರುವ ರೋಗಿಗಳ ವಿಷಯದಲ್ಲಿ ವೈದ್ಯರು ಈಗಲೂ ಎಚ್ಚರವಹಿಸುತ್ತಾರೆ.

ಫೋರ್ಸ್‌ಮನ್ನನ ಜೀವನದ ಮುಂದಿನ ಭಾಗವು ಅಷ್ಟು ಉಜ್ಜ್ವಲವಾದುದಲ್ಲ. ಹೃದಯದ ಸಂಶೋಧನೆಗೆ ಎಲ್ಲಿಯೂ ಆಸರೆ ಸಿಗದೆ ಆತನು ಅದನ್ನು ಕೈಬಿಟ್ಟು ಮೂತ್ರಾಂಗಗಳ ಶಸ್ತ್ರಚಿಕಿತ್ಸೆಯನ್ನು ಅಭ್ಯಾಸ ಮಾಡಿದನು. ಮೈಂಟ್ಸ್ ನಗರದ ಆಸ್ಪತ್ರೆಯಲ್ಲಿ ತನ್ನಂತೆಯೇ ವೈದ್ಯೆಯಾಗಿದ್ದ ಎಲ್ಸ್‌ಬೆಟ್ ಎಂಗೆಲ್‌ಳನ್ನು 1933ರಲ್ಲಿ ವಿವಾಹವಾದನು. ಅವರಿಗೆ ಆರು ಮಂದಿ ಮಕ್ಕಳಾದರು. ಇದಕ್ಕೆ ಹಿಂದಿನ ವರ್ಷ, ಹಿಟ್ಲರನು ಅಧಿಕಾರಕ್ಕೆ ಬರುವ ಮುನ್ನವೇ, ಆತನು ನಾಜಿ ಪಕ್ಷದ ಸದಸ್ಯನಾಗಿದ್ದನು. ತನ್ನ ಹೃದಯವನ್ನು ಪ್ರಯೋಗಕ್ಕೆ ಒಡ್ಡುವಾಗ ಗುರುವಿನ ಮಾತನ್ನೂ ಲೋಕದ ಮಾತನ್ನೂ ಲೆಕ್ಕಿಸದೆ ತಾನಾಗಿ ಯೋಚಿಸಿದ ಮನುಷ್ಯನು, ದೇಶಕ್ಕೆ ಹಿಡಿದ ಆ ಭ್ರಾಂತಿಯ ಮುಂದೆ ಹಾಗೆ ಯೋಚಿಸಲಿಲ್ಲ. ಆತನ ಜೀವನವನ್ನು ಬರೆಯುವವರು ಇದನ್ನು ಮರೆಮಾಚುವಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯಾಧಿಕಾರಿಯಾಗಿ ದುಡಿದು, ಕೊನೆಗೆ ಅಮೆರಿಕನ್ನರ ಸೆರೆಯಾಳಾದನು. 1945ರಲ್ಲಿ ಬಿಡುಗಡೆಯಾದ ಮೇಲೆ, ಪಕ್ಷದ ಸದಸ್ಯನಾಗಿದ್ದ ಕಾರಣಕ್ಕೆ ಕೆಲವು ವರ್ಷ ವೈದ್ಯವೃತ್ತಿಯನ್ನು ನಡೆಸಲು ಆತನಿಗೆ ಅವಕಾಶವಿರಲಿಲ್ಲ. ಕಪ್ಪು ಅರಣ್ಯ ಎಂದು ಹೆಸರಾದ ಸೀಮೆಯ ಒಂದು ಹಳ್ಳಿಯಲ್ಲಿ ಹೆಂಡತಿಯು ರೋಗಿಗಳನ್ನು ನೋಡಿ ಸಂಸಾರವನ್ನು ಸಾಗಿಸಿದಳು. 1950ರಲ್ಲಿ ಆತನಿಗೆ ಬಾಟ್ ಕ್ರೊಯಿಟ್ಸ್‌ನಾಖ್ ಎಂಬ ಸಣ್ಣ ಊರಿನಲ್ಲಿ ಮೂತ್ರಾಂಗಗಳ ವೈದ್ಯನಾಗಿ ಕೆಲಸ ದೊರೆಯಿತು.

ಇತ್ತ ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಯಾರ್ಕ್ ನಗರದ ಬೆಲ್‌ವ್ಯೂ ಆಸ್ಪತ್ರೆಯಲ್ಲಿ, ಫೋರ್ಸ್‌ಮನ್ನನ ಲೇಖನವನ್ನು ಓದಿದ್ದ ಇಬ್ಬರು ವೈದ್ಯರಿದ್ದರು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಆಂದ್ರೆ ಕೂರ್ನಾಂಡ್ ಒಬ್ಬನು. ಡಿಕಿನ್ಸನ್ ರಿಚರ್ಡ್ಸ್ ಇನ್ನೊಬ್ಬನು. ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆ ಎಂಬುದನ್ನು ತಿಳಿಯುವುದು ಅವರ ಗುರಿ. ಇದನ್ನು ಲೆಕ್ಕ ಹಾಕುವ ಸೂತ್ರವನ್ನು ಅಡೋಲ್ಫ್ ಫಿಕ್ ಎಂಬ ವಿಜ್ಞಾನಿಯು 1870ರಲ್ಲಿಯೇ ಹೇಳಿದ್ದನು. ನಮ್ಮ ಶ್ವಾಸಕೋಶಗಳು ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ ಎಂದಿಟ್ಟುಕೊಳ್ಳಿ. ಶ್ವಾಸಕೋಶಕ್ಕೆ ಬರುವ ಒಂದು ಲೀಟರ್ ರಕ್ತದಲ್ಲಿ 150 ಮಿಲಿಲೀಟರ್, ಅಲ್ಲಿಂದ ಹೊರಡುವ ಒಂದು ಲೀಟರ್ ರಕ್ತದಲ್ಲಿ 200 ಮಿಲಿಲೀಟರ್ ಆಮ್ಲಜನಕವಿದ್ದರೆ, ಪ್ರತಿಯೊಂದು ಲೀಟರ್ ರಕ್ತವೂ 50 ಮಿಲಿಲೀಟರಿನಂತೆ ಹೊತ್ತುಕೊಂಡು ಹೋಯಿತೆಂದಾಯಿತು. 250ನ್ನು 50ರಿಂದ ಭಾಗಿಸಿದರೆ 5. ಎಂದರೆ ನಿಮಿಷಕ್ಕೆ 5 ಲೀಟರ್ ರಕ್ತವು ಹರಿಯಿತು. ಲೆಕ್ಕವು ಮಕ್ಕಳೂ ಮಾಡುವಂತಹುದು. ಆದರೆ ಶ್ವಾಸಕೋಶಕ್ಕೆ ಹೋಗಲಿರುವ ರಕ್ತದ ಮಾದರಿಯು ಬೇಕಲ್ಲ! ದೇಹದ ಎಲ್ಲ ಕಡೆಗಳಿಂದ ಬಂದ ರಕ್ತವು ಒಂದುಗೂಡುವುದು ಹೃದಯದ ಬಲಭಾಗದಲ್ಲಿ ಮಾತ್ರ. ಅಲ್ಲಿಗೆ ತಲಪಲಾಗದೆ ಫಿಕ್ಕನ ಸೂತ್ರವು ಮನುಷ್ಯರ ಮಟ್ಟಿಗೆ ಬಹುಕಾಲ ಹೆಚ್ಚಾಗಿ ಕಾಗದದ ಮೇಲೆಯೇ ಉಳಿದಿತ್ತು.

ಕೂರ್ನಾಂಡ್ ಮತ್ತು ರಿಚರ್ಡ್ಸ್ ಅವಸರಪಡಲಿಲ್ಲ. 1936ರಿಂದ ನಾಲ್ಕು ವರ್ಷ ಪ್ರಾಣಿಗಳ ಮೇಲೆ ಅಭ್ಯಾಸ ಮಾಡಿ, ನಳಿಕೆಯಿಂದ ಹೃದಯಕ್ಕೆ ಹಾನಿಯಿಲ್ಲವೆಂದು ದೃಢಪಟ್ಟ ಮೇಲೆ, 1940ರ ಅನಂತರ ರೋಗಿಗಳಲ್ಲಿ ಅದನ್ನು ಬಳಸತೊಡಗಿದರು. ಫೋರ್ಸ್‌ಮನ್ನನಲ್ಲಿ ಇಲ್ಲದ ತಾಳ್ಮೆಯು ಅವರಲ್ಲಿತ್ತು. ಅವರಿಗೆ ಇದ್ದ ಪ್ರಯೋಗಶಾಲೆಯು ಆತನಿಗೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆ ವೇಳೆಗೆ ಯುದ್ಧವು ನಡೆದಿತ್ತು. ಗಾಯಗೊಂಡವರು ಕೆಲವು ಗಂಟೆಗಳಲ್ಲಿ ಬಿಳಿಚಿಕೊಂಡು, ಮೈ ತಣ್ಣಗಾಗಿ, ನಾಡಿ ಕ್ಷೀಣಿಸಿ ಸಾಯುತ್ತಿದ್ದರು. ಆಘಾತಸ್ಥಿತಿಯೆಂದು ಕರೆಯುವ ಈ ಅವಸ್ಥೆಯಲ್ಲಿ ರಕ್ತಪರಿಚಲನೆಗೆ ಏನಾಗುತ್ತದೆಂಬುದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಅಪಘಾತಗಳಲ್ಲಿ ಪೆಟ್ಟು ತಿಂದು ಬಂದವರ ಹೃದಯದ ಬಲಭಾಗಕ್ಕೆ ನಳಿಕೆಯನ್ನು ಇಳಿಸಿ ಈ ವೈದ್ಯರು ಒತ್ತಡವನ್ನೂ ಆಮ್ಲಜನಕವನ್ನೂ ಅಳೆದರು. ಗಾಯಾಳುವಿನ ದೇಹದಲ್ಲಿ ರಕ್ತದ ಪ್ರಮಾಣವು ಬಹಳವಾಗಿ ತಗ್ಗಿರುವುದು, ಹೃದಯಕ್ಕೆ ಮರಳುವ ರಕ್ತವೇ ಸಾಲದಿರುವುದು, ಆದಕಾರಣ ಹೃದಯವು ಹೊರದೂಡುವ ರಕ್ತವೂ ಕಡಿಮೆಯಾಗಿರುವುದು ಸ್ಪಷ್ಟವಾಯಿತು. ತೋಳಿನಲ್ಲಿ ಅಳೆದ ರಕ್ತದೊತ್ತಡವು ಅಷ್ಟೇನೂ ಇಳಿಯದಿದ್ದಾಗಲೂ ಒಳಗೆ ಈ ಕೊರತೆಯು ಅಡಗಿರಬಹುದಾಗಿತ್ತು. ರಕ್ತವನ್ನು ಬಹಳವಾಗಿ ಕಳೆದುಕೊಂಡವರಿಗೆ ಪ್ಲಾಸ್ಮಾ ಎಂಬ ರಕ್ತದ್ರವವೊಂದೇ ಸಾಲದು, ಕೆಂಪುಕಣಗಳಿರುವ ಪೂರ್ಣ ರಕ್ತವನ್ನೇ ಕೊಡಬೇಕೆಂಬುದಕ್ಕೆ ಈ ಅಳತೆಗಳು ಆಧಾರವಾದವು. ಮುಂದೆ ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿರುವ ಮಕ್ಕಳ ದೋಷವನ್ನು, ಶಸ್ತ್ರಚಿಕಿತ್ಸೆಗೆ ಮೊದಲೇ ಗುರುತಿಸುವುದಕ್ಕೂ ಈ ವಿಧಾನವು ನೆರವಾಯಿತು.

1956ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಕೂರ್ನಾಂಡ್, ರಿಚರ್ಡ್ಸ್, ಫೋರ್ಸ್‌ಮನ್ ಈ ಮೂವರಿಗೂ ಸಂದಿತು. ಆ ವರ್ಷ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನಲ್ಲಿ ಪಾರಿತೋಷಕವನ್ನು ಸ್ವೀಕರಿಸಿದ ಫೋರ್ಸ್‌ಮನ್ನನು, ಹೃದಯದ ವಿಜ್ಞಾನದಿಂದ ದೂರವಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಸಣ್ಣ ಊರಿನ ವೈದ್ಯನಾಗಿದ್ದ ಆತನ ಹೆಸರನ್ನು ಜರ್ಮನಿಯ ಅನೇಕ ಪ್ರಾಧ್ಯಾಪಕರು ಅಂದು ಮೊದಲ ಬಾರಿಗೆ ಕೇಳಿದರೆಂದರೆ ಅತಿಶಯೋಕ್ತಿಯಾಗದು. 1958ರಲ್ಲಿ ಆತನು ಡ್ಯುಸೆಲ್ಡಾರ್ಫ್ ನಗರದ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾದನು. ಹೃದಯದ ಸಂಶೋಧನೆಗೆ ಮರಳಲಿಲ್ಲ. ಅಷ್ಟರಲ್ಲಿ ಆ ಶಾಸ್ತ್ರವು ಆತನನ್ನು ಬಿಟ್ಟು ಬಹುದೂರ ಮುಂದೆ ಸಾಗಿತ್ತು. ತನ್ನ ಜೀವನದ ಕಥೆಯನ್ನು ಆತನು 1972ರಲ್ಲಿ ಪ್ರಕಟಿಸಿದನು. ಸ್ವಪ್ರಯೋಗ ಎಂಬುದೇ ಅದರ ಹೆಸರು.

ಎಬರ್ಸ್‌ವಾಲ್ಡೆಯ ನಳಿಕೆಯ ಮುಂದಿನ ಹೆಜ್ಜೆಯನ್ನು ಫೋರ್ಸ್‌ಮನ್ನನು ಬದುಕಿರುವಾಗಲೇ ಕಂಡನು. 1977ನೆಯ ಸೆಪ್ಟೆಂಬರಿನಲ್ಲಿ ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ತರುಣ ವೈದ್ಯನು, ತುದಿಯಲ್ಲಿ ಪುಟ್ಟ ಬಲೂನು ಇರುವ ನಳಿಕೆಯನ್ನು ರೋಗಿಯೊಬ್ಬನ ಹೃದಯದ ಅಪಧಮನಿಗೆ ಕಳುಹಿಸಿ, ಬಲೂನನ್ನು ಉಬ್ಬಿಸಿ, ಕಿರಿದಾಗಿದ್ದ ದಾರಿಯನ್ನು ಅಗಲಿಸಿದನು. ಎದೆಯನ್ನು ಸೀಳಲಿಲ್ಲ, ರೋಗಿಯು ಎಚ್ಚರವಾಗಿಯೇ ಇದ್ದನು. ಇಂದು ನಮ್ಮ ಬೆಂಗಳೂರು, ಮೈಸೂರು, ಕಲಬುರಗಿಗಳ ಹೃದ್ರೋಗ ಆಸ್ಪತ್ರೆಗಳಲ್ಲಿ ದಿನವೂ ನಡೆಯುವ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿಗಳು ಈ ಪರಂಪರೆಗೆ ಸೇರಿದವು.

1979ನೆಯ ಜೂನ್ 1ರಂದು, ಕಪ್ಪು ಅರಣ್ಯದ ಅಂಚಿನ ಷೋಪ್ಫ್‌ಹೈಮ್ ಎಂಬ ಊರಿನಲ್ಲಿ, ಫೋರ್ಸ್‌ಮನ್ನನು ಹೃದ್ರೋಗದಿಂದ ತೀರಿಕೊಂಡನು. ಆಗ ಆತನಿಗೆ 74 ವರ್ಷ. ಅನುಮತಿಯಿಲ್ಲದೆ ಆತನು ತನ್ನ ತೋಳನ್ನು ಕೊಯ್ದುಕೊಂಡಿದ್ದ ಎಬರ್ಸ್‌ವಾಲ್ಡೆಯ ಆಸ್ಪತ್ರೆಗೆ ಈಗ ಆತನ ಹೆಸರನ್ನೇ ಇಡಲಾಗಿದೆ.